ಮೂರನೇ ಸಂಚಿಕೆಗೆ ಉಳಿದವರು

ಕಾಮಿಕ್ಸ್ ಮಾಲಿಕೆಯೊಂದರ ಮೊದಲ ಸಂಚಿಕೆ ಎಷ್ಟು ಖರ್ಚಾಯಿತು ಎಂಬುದರಿಂದ ಅದರ ಹಣೆಬರಹ ಗೊತ್ತಾಗುವುದಿಲ್ಲ. ಮೊದಲನೆಯದನ್ನು ಕುತೂಹಲಕ್ಕೆ ಕೊಳ್ಳುವವರು ಬಹಳ. ಎರಡನೆಯದರ ಹೊತ್ತಿಗೆ ಅವರಲ್ಲೊಂದು ದೊಡ್ಡ ಪಾಲು ಕಳಚಿಕೊಳ್ಳುತ್ತದೆ. ಮೂರನೆಯದನ್ನು ಕೇಳಿಕೊಂಡು ಬಂದವರೇ ಮಾಲಿಕೆಯ ಆಸ್ತಿ. ಈ ಇಳಿಜಾರು ನ್ಯೂಯಾರ್ಕಿನಲ್ಲೂ ಇದೆ, ಟೋಕಿಯೊದಲ್ಲೂ ಇದೆ, ಬೆಳಗಾವಿಯ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲೂ ಇದೆ. ಆದರೆ ಬೆಳಗಾವಿಯಲ್ಲಿ, ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಓದುವ ಮಗು ಒಂದೇ, ಅದರ ಹೆಸರು ಬೀಳುವ ಖಾತೆ ನಾಲ್ಕು: ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್.

1956ರ ನವೆಂಬರ್ 1ರವರೆಗೆ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಗಡಿ ಬದಲಾದರೂ ಪುಸ್ತಕ ವ್ಯಾಪಾರದ ದಾರಿ ಅಷ್ಟು ಬೇಗ ಬದಲಾಗಲಿಲ್ಲ. ಮುಂಬೈ–ಬೆಂಗಳೂರು ಹೆದ್ದಾರಿಯ ಹೆಚ್ಚುಕಡಿಮೆ ನಡುಮಧ್ಯದಲ್ಲಿರುವ ಈ ಊರಿಗೆ ಒಂದು ಕಡೆಯಿಂದ ಪುಣೆ, ಮುಂಬೈಗಳ ಬಂಡಲ್ಲು, ಇನ್ನೊಂದು ಕಡೆಯಿಂದ ಹುಬ್ಬಳ್ಳಿ, ಬೆಂಗಳೂರಿನ ಬಂಡಲ್ಲು. ‘ಚಂದಮಾಮ’ವನ್ನೇ ನೋಡಿ. ಮರಾಠಿಯಲ್ಲಿ ಅದು ‘ಚಾಂದೋಬಾ’. ಅದೇ ಬೇತಾಳ, ಅದೇ ವಿಕ್ರಮ, ಅದೇ ಚಿತ್ರಕಾರರ ಕುಂಚ. ಒಂದೇ ವಠಾರದಲ್ಲಿ ಕನ್ನಡ ಶಾಲೆಗೆ ಹೋಗುವ ಹುಡುಗ ಒಂದನ್ನು ತಂದರೆ ಮರಾಠಿ ಶಾಲೆಗೆ ಹೋಗುವ ಹುಡುಗಿ ಇನ್ನೊಂದನ್ನು ತರುತ್ತಿದ್ದಳು. ಕೊನೆಗೆ ಎರಡೂ ಎರಡು ಮನೆಯಲ್ಲೂ ಓಡಾಡುತ್ತಿದ್ದವು. ಪ್ರಕಾಶಕರ ಖಾತೆಯಲ್ಲಿ ಮಾತ್ರ ಅವರು ಬೇರೆ ಬೇರೆ ಭಾಷೆಯ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಗಿರಾಕಿಗಳು.

ಸಂಚಿಕೆಯಿಂದ ಸಂಚಿಕೆಗೆ ಮಾರಾಟ ನೋಡಿ ಮುಂದಿನ ಹೆಜ್ಜೆ ಇಡುವ ಕೆಲಸಕ್ಕೆ ಕರ್ನಾಟಕದಲ್ಲಿ ಒಂದು ದೊಡ್ಡ ಉದಾಹರಣೆ ಇದೆ, ಅದನ್ನು ನಾವೇ ಅರ್ಧ ಮರೆತಿದ್ದೇವೆ. ‘ಅಮರ ಚಿತ್ರಕಥೆ’ಯ ಇಂಗ್ಲಿಷ್ ಮಾಲಿಕೆ ಆರಂಭವಾಗುವುದು ‘ಕೃಷ್ಣ’ದಿಂದ. ಆದರೆ ಅದರ ಮೇಲಿದ್ದ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಕನ್ನಡದಲ್ಲಿವೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಪಾಶ್ಚಾತ್ಯ ಕಥೆಗಳ ಚಿತ್ರರೂಪವನ್ನು ಕನ್ನಡಕ್ಕೆ ತಂದರು. ಸಿಂಡ್ರೆಲಾ, ಪಿನೋಕಿಯೊ, ಅಲ್ಲಾದೀನ ಇವೆಲ್ಲ ಆ ಹತ್ತರಲ್ಲಿದ್ದವು. ಕನ್ನಡದಲ್ಲಿ ಅವು ಚೆನ್ನಾಗಿ ಹೋದವು. ಆ ವ್ಯಾಪಾರವೇ ಮುಂಬೈ ಕಚೇರಿಯ ಜಿ.ಎಲ್. ಮೀರಚಂದಾನಿ ಅವರಿಗೆ ಧೈರ್ಯ ಕೊಟ್ಟಿತು. ಅತ್ತ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ ಹನ್ನೆರಡರ ಹರೆಯದಲ್ಲಿ ಮುಂಬೈ ಸೇರಿದ್ದ ಅನಂತ ಪೈ, ‘ಟೈಮ್ಸ್ ಆಫ್ ಇಂಡಿಯಾ’ ಬಳಗದ ‘ಇಂದ್ರಜಾಲ ಕಾಮಿಕ್ಸ್’ನಲ್ಲಿ ಕೈ ಪಳಗಿಸಿಕೊಂಡು ಪುರಾಣ ಕಥೆಗಳ ಯೋಜನೆ ಹಿಡಿದು ಬಂದರು. ಅಮರ ಚಿತ್ರಕಥೆ ತನ್ನ ಹುಟ್ಟಿದ ವರ್ಷವೆಂದು ಹೇಳಿಕೊಳ್ಳುವುದು 1967ನ್ನು. ಈ ಕನ್ನಡದ ಪೂರ್ವಕಥೆಯನ್ನು ಸಂಶೋಧಕಿ ಕಾರ್ಲೀನ್ ಮೆಕ್ಲೇನ್ 2009ರಲ್ಲಿ ತಮ್ಮ ಪುಸ್ತಕದಲ್ಲಿ ದಾಖಲಿಸಿದ ಮೇಲೆ ಒಂದಿಷ್ಟು ಜನರ ಕಣ್ಣಿಗೆ ಬಿತ್ತು. ದೇಶದ ಅತಿ ದೊಡ್ಡ ಚಿತ್ರಕಥಾ ಮಾಲಿಕೆಗೆ ಮಾರುಕಟ್ಟೆ ಇದೆಯೆಂದು ಮೊದಲು ತೋರಿಸಿಕೊಟ್ಟವರು ಕನ್ನಡದ ಮಕ್ಕಳು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮುಂದಿನ ಏರು ಎಲ್ಲರಿಗೂ ಗೊತ್ತಿರುವಂಥದು. ‘ಕೃಷ್ಣ’ ನಿಧಾನಕ್ಕೆ ಹೋಯಿತು. ಪೈ ಅವರೇ ಶಾಲೆ ಶಾಲೆ ತಿರುಗಿದರು. 1978ರಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಎಂಬ ವಿಷಯದ ಮೇಲೆ ವಿಚಾರ ಸಂಕಿರಣವೇ ನಡೆಯಿತು. ಎಪ್ಪತ್ತರ ದಶಕದ ಕೊನೆಗೆ ಎಲ್ಲ ಭಾಷೆ ಸೇರಿ ವರ್ಷಕ್ಕೆ 50 ಲಕ್ಷ ಪ್ರತಿ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇಲ್ಲೊಂದು ಸೂಕ್ಷ್ಮವಿದೆ. ಅಮರ ಚಿತ್ರಕಥೆ ಧಾರಾವಾಹಿಯಲ್ಲ. ‘ಕೃಷ್ಣ’ ಓದಿದವನು ‘ಶಿವಾಜಿ’ ಓದಲೇಬೇಕೆಂಬ ನಿಯಮವಿಲ್ಲ. ಹೊಸ ಸಂಚಿಕೆ ಬಂದರೂ ಹಳೆಯದು ಅಂಗಡಿಯಿಂದ ಇಳಿಯುತ್ತಿರಲಿಲ್ಲ, ಮತ್ತೆ ಮತ್ತೆ ಅಚ್ಚಾಗುತ್ತಿತ್ತು. ಹೊಸ ಸಂಚಿಕೆಯ ಮಾರಾಟಕ್ಕಿಂತ ಹಳೆಯದರ ಮರುಮುದ್ರಣವೇ ಅದರ ನಾಡಿ. ‘ಇಂದ್ರಜಾಲ’ದ ನಾಡಿ ಬೇರೆ. ಈ ವಾರದ ಕಥೆ ಮುಂದಿನ ವಾರಕ್ಕೆ ಹಳಸಲು. 1964ರಿಂದ 1990ರವರೆಗೆ 800ಕ್ಕೂ ಮಿಕ್ಕಿ ಬಂದ ಆ ಸಂಚಿಕೆಗಳು ತಿಂಗಳಿಗೊಂದರಿಂದ ಹದಿನೈದು ದಿನಕ್ಕೆ, ಅಲ್ಲಿಂದ ವಾರಕ್ಕೆ ಬಂದವು. ಮಾರಾಟದ ಅಂಕಿ ಕೈಗೆ ಸಿಗದವರಿಗೆ ಆ ಬಿಡುವಿನ ಉದ್ದವೇ ಸಾಕಷ್ಟು ಹೇಳುತ್ತದೆ.

ಬಹುಭಾಷೆಯ ಚಿತ್ರಕಥೆಯ ಅಚ್ಚಿನ ಕೆಲಸದಲ್ಲಿ ಬಣ್ಣದ ಪ್ಲೇಟುಗಳು ಎಲ್ಲ ಭಾಷೆಗೂ ಅವೇ. ಮಾತು ತುಂಬಿದ ಕಪ್ಪಿನ ಪ್ಲೇಟು ಮಾತ್ರ ಭಾಷೆಗೊಂದು. ಹಾಗಾಗಿ ಹೊಸ ಭಾಷೆ ಸೇರಿಸುವುದು ಅಗ್ಗ, ಆದರೆ ಉಳಿಸಿಕೊಳ್ಳುವುದಲ್ಲ. ಅನುವಾದಕ, ಅಕ್ಷರ ಬರೆಯುವವರು, ಕಾಗದ, ಸಾಗಣೆ ಇವನ್ನೆಲ್ಲ ಆ ಭಾಷೆಯ ಮಾರಾಟವೇ ಹೊರಬೇಕು. ಕನ್ನಡದ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಆ ಪ್ಲೇಟು ತಯಾರಾಗುವುದಿಲ್ಲ. ಬೆಳಗಾವಿಯ ಮಗು ಆ ಕಥೆಯನ್ನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಕೊಂಡಾಗಲೆಲ್ಲ ಕನ್ನಡದ ಖಾತೆಯಿಂದ ಒಂದು ಅಂಕಿ ಜಾರುತ್ತದೆ. ಓದುಗ ಎಲ್ಲೂ ಹೋಗಿಲ್ಲ, ಪಕ್ಕದ ಕಾಲಮ್ಮಿನಲ್ಲಿ ಕೂತಿದ್ದಾನೆ.

ಈಗ ಖಾನಾಪುರದ ಒಂದು ಅಂಗಡಿಗೆ ಬರೋಣ. ಇಲ್ಲಿ ಹೇಳುವ ಅಂಕಿಗಳು ಬರೀ ಊಹೆಯವು, ಲೆಕ್ಕದ ಜಾಡು ತೋರಿಸುವುದಕ್ಕಾಗಿ. ಹೊಸ ಮಾಲಿಕೆಯ 10 ಪ್ರತಿ ಬಂದವು ಅನ್ನಿ. ಸಂತೆಯ ದಿನವೇ ಹತ್ತೂ ಖಾಲಿ. ಮರುದಿನ ಬಂದ ಐದು ಮಕ್ಕಳು ಬರಿಗೈಯಲ್ಲಿ ಹೋದರು. ಏಜೆಂಟರ ವಹಿಯಲ್ಲಿ ಬೀಳುವುದು 10 ಮಾತ್ರ, ಆ ಐದು ಎಲ್ಲೂ ಬರುವುದಿಲ್ಲ. ಎರಡನೇ ತಿಂಗಳು ಬಂಡಲ್ಲು ಒಂದು ವಾರ ತಡ. ಕೇಳಿ ಕೇಳಿ ಬೇಸತ್ತ ಮಕ್ಕಳ ಕೈಯ ದುಡ್ಡು ಬೇರೆ ಕಡೆ ಖರ್ಚಾಗಿರುತ್ತದೆ. ನಾಲ್ಕು ಪ್ರತಿ ವಾಪಸ್ ಹೋಗುತ್ತವೆ. ಹತ್ತರಿಂದ ಆರಕ್ಕೆ ಇಳಿತ! ಮೂರನೇ ತಿಂಗಳು ಜಾಣ ಪ್ರಕಾಶಕರು ಆರೇ ಕಳಿಸುತ್ತಾರೆ, ಆರೂ ಹೋಗುತ್ತವೆ. ವಹಿ ನೋಡಿದರೆ ಖಾನಾಪುರದ ಬೇಡಿಕೆ ಆರಕ್ಕೆ ನಿಂತಿದೆ. ಊರಿನ ಬೇಡಿಕೆ ಮೊದಲ ದಿನ ಹದಿನೈದಿತ್ತು. ಹೀಗೆ ಕಳಿಸಿದ್ದನ್ನು ಎಣಿಸಿ ಬೇಕಾದದ್ದನ್ನು ಎಣಿಸಿದೆವೆಂದುಕೊಳ್ಳುವುದು ಹಳೆಯ ತಪ್ಪು. ಮಳೆಗಾಲದಲ್ಲಿ ಅದು ಇಮ್ಮಡಿಯಾಗುತ್ತದೆ. ಜಾಂಬೋಟಿ, ಕಣಕುಂಬಿ ಕಡೆ ಜೂನ್‌ನಿಂದ ಹಿಡಿವ ಮಳೆ ಎಂಥದೆಂದು ಮಲಪ್ರಭೆ ಹುಟ್ಟುವ ಆ ಸೀಮೆ ನೋಡಿದವರಿಗೆ ಹೇಳಬೇಕಿಲ್ಲ. ಶಾಲೆ ತೆರೆಯುವ ತಿಂಗಳೂ ಅದೇ, ಪಾಲಕರ ದುಡ್ಡು ನೋಟ್‌ಬುಕ್ಕಿಗೆ ಹೋಗುವ ತಿಂಗಳೂ ಅದೇ. ಮೇ ತಿಂಗಳ ಸಂಚಿಕೆಯನ್ನು ಜುಲೈ ಸಂಚಿಕೆಯ ಜೊತೆ ಹೋಲಿಸಿ ಮಾಲಿಕೆ ಸೋತಿತೆಂದು ತೀರ್ಪು ಕೊಡುವುದು ಅನ್ಯಾಯ. ಜುಲೈಯನ್ನು ಹೋದ ವರ್ಷದ ಜುಲೈಗೇ ಹಚ್ಚಿ ನೋಡಬೇಕು.

1948ರಲ್ಲಿ ಹುಟ್ಟಿದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಕೊಡುವ ಪ್ರಮಾಣಪತ್ರವೂ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಅದು ಜಾಹೀರಾತುದಾರರಿಗಾಗಿ ಆರಾರು ತಿಂಗಳ ಸರಾಸರಿ ಹೇಳುತ್ತದೆ. ಮೊದಲ ಸಂಚಿಕೆಯ ನೆಗೆತ, ಎರಡನೆಯದರ ಕುಸಿತ ಎರಡೂ ಸರಾಸರಿಯಲ್ಲಿ ಕರಗಿ ಹೋಗುತ್ತವೆ.

ಹೊರಗಿನ ಎರಡು ನಿದರ್ಶನ ಇಲ್ಲಿ ಉಪಯೋಗಕ್ಕೆ ಬರುತ್ತವೆ. 1991ರಲ್ಲಿ ಮಾರ್ವೆಲ್ ಸಂಸ್ಥೆ ತಂದ ‘ಎಕ್ಸ್‌-ಮೆನ್’ ಹೊಸ ಮಾಲಿಕೆಯ ಮೊದಲ ಸಂಚಿಕೆ 81 ಲಕ್ಷ ಪ್ರತಿ ಹೋಯಿತು. ಗಿನ್ನೆಸ್ ದಾಖಲೆ. ಆದರೆ ಐದು ಬೇರೆ ಬೇರೆ ರಕ್ಷಾಪುಟ ಹೊತ್ತಿದ್ದ ಅದನ್ನು ಒಬ್ಬರೇ ಐದೈದು ಕೊಂಡಿದ್ದರು, ಅಂಗಡಿಯವರು ಮುಂದೆ ಬೆಲೆ ಬರುತ್ತದೆಂದು ಪೇರಿಸಿಟ್ಟಿದ್ದರು. ಅಮೆರಿಕದ ಕಾಮಿಕ್ಸ್ ಅಂಗಡಿಗೆ ಆಗ ವಾಪಸ್ ಕೊಡುವ ಸೌಲಭ್ಯವಿರಲಿಲ್ಲ. ಆ 81 ಲಕ್ಷ ಅಂಗಡಿಕಾರರು ತರಿಸಿದ ಲೆಕ್ಕ, ಮಕ್ಕಳು ಓದಿದ ಲೆಕ್ಕವಲ್ಲ. ಮಾರುಕಟ್ಟೆ ಮಗುಚಿಕೊಂಡಿತು, 1996ರ ಕೊನೆಗೆ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಜಪಾನಿನ ವಾರಪತ್ರಿಕೆ ‘ಶೋನೆನ್ ಜಂಪ್’ ಬೇರೆ ದಾರಿ ಹಿಡಿದಿತ್ತು. ಸಂಚಿಕೆಯಲ್ಲಿ ಓದುಗರ ಅಭಿಪ್ರಾಯದ ಕಾರ್ಡು, ಯಾವ ಕಥೆ ಹಿಡಿಸಿತೆಂದು ಮಕ್ಕಳೇ ಬರೆದು ಕಳಿಸಬೇಕು. ಹಿಡಿಸದ ಕಥೆ ಕೆಲವೇ ವಾರಗಳಲ್ಲಿ ಮುಗಿಯುತ್ತಿತ್ತು. 1995ರ ಹೊಸವರ್ಷದ ಸಂಚಿಕೆ 65.3 ಲಕ್ಷ ಮುಟ್ಟಿತು. ಆ ವರ್ಷವೇ ‘ಡ್ರ್ಯಾಗನ್ ಬಾಲ್’ ಮುಗಿಯಿತು, ಏರು ಇಳಿತವಾಯಿತು. ಎಷ್ಟು ಮಾರಿತು ಎಂಬುದರ ಜೊತೆಗೆ ಯಾತಕ್ಕೆ ಮಾರಿತು ಎಂಬ ದಾಖಲೆಯೂ ಅವರಲ್ಲಿತ್ತು.

ನಮ್ಮಲ್ಲಿ ಅಂಥ ಕಾರ್ಡುಗಳಿರಲಿಲ್ಲ. ಆದರೆ ರದ್ದಿ ಅಂಗಡಿಯಲ್ಲಿ ಸಿಗುವ ಹಳೆಯ ಅಮರ ಚಿತ್ರಕಥೆಯ ಹಿಂಬದಿ ರಕ್ಷಾಪುಟ ತಿರುಗಿಸಿ ನೋಡಿ. ಅಲ್ಲಿ ಸಂಖ್ಯೆ ಸಮೇತ ಶೀರ್ಷಿಕೆಗಳ ಪಟ್ಟಿ. ಕೆಲವು ಪ್ರತಿಗಳಲ್ಲಿ ಆ ಹೆಸರುಗಳ ಪಕ್ಕ ನೀಲಿ ಬಾಲ್‌ಪೆನ್ನಿನ ಗೀಟು: ಇದು ಮನೆಯಲ್ಲಿದೆ, ಇದು ಬೇಕು. ಗೀಟು ಒಂದೇ ಕೈಯದಲ್ಲ. ಅಣ್ಣ ಹಾಕಿದ ಗುರುತಿನ ಮೇಲೆ ತಂಗಿ ಕೆಂಪು ಶಾಯಿಯಲ್ಲಿ ಇನ್ನೊಂದು ಹಾಕಿರುತ್ತಾಳೆ. ಬಾಡಿಗೆ ಲೈಬ್ರರಿಯ ಮುದ್ರೆ ಬಿದ್ದ ಪ್ರತಿಯಾದರೆ ಹೊಲಿಗೆ ಪಿನ್ನು ಕಿತ್ತು ಸುತಲಿ ದಾರ ಹಾಕಿರುತ್ತಾರೆ, ಪುಟದ ಮೂಲೆಗಳು ದುಂಡಗಾಗಿರುತ್ತವೆ. ಅದು ಮಾರಾಟದ ಖಾತೆಯಲ್ಲಿ ಒಂದು. ಎಷ್ಟು ಕೈ ದಾಟಿತೋ ಆ ದುಂಡು ಮೂಲೆಗೇ ಗೊತ್ತು. ಬೆಳಗಾವಿಯಂಥ ಊರಿನಲ್ಲಿ ಕೊಳ್ಳುವವರಿಗಿಂತ ಎರವಲು ಓದುವವರು ಸದಾ ಹೆಚ್ಚು. ಅವರನ್ನು ಬಿಟ್ಟ ಯಾವ ಗ್ರಾಫನ್ನೂ ನಾನು ಪೂರ್ತಿ ನಂಬಲಾರೆ.

1987ರ ಜನವರಿಯಲ್ಲಿ ರಮಾನಂದ ಸಾಗರರ ‘ರಾಮಾಯಣ’ ಟಿವಿಗೆ ಬಂತು. ನಾಲ್ಕೇ ವರ್ಷದಲ್ಲಿ, 1991ರಲ್ಲಿ, ಅಮರ ಚಿತ್ರಕಥೆಯ ಹೊಸ ಸಂಚಿಕೆಗಳು ನಿಂತವು. ಮಹಾಭಾರತವನ್ನು 42 ಸಂಚಿಕೆಗಳಲ್ಲಿ ಹೇಳಿ ಮುಗಿಸಿದ ಮೇಲೆ ಇದು ನಡೆದದ್ದು. ಟಿವಿಯೇ ಕೊಂದಿತು ಎನ್ನುವುದು ಸುಲಭದ ಮಾತು. ಹಳೆಯ ಶೀರ್ಷಿಕೆಗಳು ಆಮೇಲೂ ಮಾರುತ್ತಲೇ ಇದ್ದವು, ಹೊಸ ಸಂಖ್ಯೆ ಹೊತ್ತು ಮರಳಿ ಬಂದವು. 11 ಆಗಿದ್ದ ‘ಕೃಷ್ಣ’ 501 ಆಯಿತು. ನಿಂತದ್ದು ಹೊಸದರ ಸಾಲು.

ಈ ಕಾಲದಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯ ಮಗುವಿಗೆ ಚಿತ್ರಕಥೆ ಮುಟ್ಟುವ ಸಾಧ್ಯತೆ ಹೆಚ್ಚಿರುವುದು ಬಸ್ ನಿಲ್ದಾಣಕ್ಕಿಂತ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗಿನ ಅರಿವು ಕೇಂದ್ರದಲ್ಲಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಪ್ರಕಾಶಕರಿಗೆ ಎಂದೂ ಸಿಗದಿದ್ದ ದಾಖಲೆ, ಅಂದರೆ ಎರವಲು ವಹಿ, ಅಲ್ಲಿದೆ. ಮಾಲಿಕೆಯ ಮೊದಲ ಪುಸ್ತಕ ಒಯ್ದ ಮಗು ಎರಡನೆಯದಕ್ಕೆ ಬಂತೆ, ಮೂರನೆಯದನ್ನು ಯಾವ ಭಾಷೆಯಲ್ಲಿ ಕೇಳಿತು ಎಂಬುದನ್ನು ಅದರಲ್ಲಿ ಬರೆದಿಡಬಹುದು. ಕನ್ನಡದಲ್ಲಿ ಚಿತ್ರಕಥೆ ತರಲು ಹೊರಟವರು ಹೊಸ ಮಾಲಿಕೆಯ ಮೊದಲ ಮೂರು ಸಂಚಿಕೆಯನ್ನು ಇಂಥ ಕೆಲವು ಕೇಂದ್ರಗಳಿಗೆ ಒಂದೇ ಸಂಖ್ಯೆಯಲ್ಲಿ, ಹೇಳಿದ ದಿನಕ್ಕೆ, ಒಂದೂ ಕಡಿಮೆ ಮಾಡದೆ ಕಳಿಸಿ ನೋಡಲಿ. ವಹಿಯಲ್ಲಿ ಒಯ್ದವರ ಪಕ್ಕ ಇನ್ನೊಂದು ಕಾಲಮ್ಮು ಹಾಕಿಸಲಿ, ಕೇಳಿ ಸಿಗದೆ ಹೋದವರದ್ದು.