ಬಾಣಂತಿ ಬಯಸಿದ ತಿರಾಮಿಸು

"ಅತ್ತಿಗೆ, ನಂಗೆ ತಿರಾಮಿಸು ತಿನ್ಬೇಕು ಅಂತ ಆಗ್ತಾ ಉಂಟು."

ಆಟಿ ತಿಂಗಳ ಒಂದು ಸಂಜೆ, ಹೊರಗೆ ಮಳೆ ಧೋ ಎಂದು ಹೊಯ್ಯುತ್ತಿದ್ದಾಗ ನಾದಿನಿ ಹೀಗೆಂದಳು. ಹೆರಿಗೆಗೆಂದು ಬೆಂಗಳೂರಿನಿಂದ ನರಿಕೊಂಬಿನ ತವರಿಗೆ ಬಂದವಳು. ಮಗುವಿಗೆ ಆಗ ಮೂರು ವಾರ. ಮೆಂತೆ ಗಂಜಿ, ಓಲೆ ಬೆಲ್ಲದ ಲೇಹ್ಯ, ಕಾಳುಮೆಣಸಿನ ಸಾರು ಅಂತ ಅತ್ತೆ ಹೊತ್ತು ಹೊತ್ತಿಗೆ ಮಾಡಿ ಕೊಡುತ್ತಿದ್ದರು. ಅವಳು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಮಾತು ಕಡಿಮೆ, ಕಾರಣವಿಲ್ಲದೆ ಕಣ್ಣೀರು. ಏನು ಬೇಕು ಎಂದು ಕೇಳಿದರೆ "ಏನೂ ಬೇಡ" ಎನ್ನುವುದೊಂದೇ ಉತ್ತರ. ಹಾಗಿದ್ದವಳು ಬಾಯಿಬಿಟ್ಟು ಒಂದು ತಿಂಡಿಯ ಹೆಸರು ಹೇಳಿದಾಗ, ಅದು ಎಂಥದ್ದೇ ಆಗಿರಲಿ, ಮಾಡಿಯೇ ಕೊಡಬೇಕು ಅನ್ನಿಸಿತು.

ಆದರೆ ಅತ್ತೆ ಒಪ್ಪಬೇಕಲ್ಲ! "ಎಂತ? ಬಾಣಂತಿಗೆ ಕಾಫಿಯಾ? ಅದೂ ಫ್ರಿಜ್ಜಿನಲ್ಲಿಟ್ಟದ್ದು? ನಿಮಗೆಲ್ಲ ಮರ್ಲಾ?" ಎಂದು ಅಡುಗೆ ಮನೆಯಿಂದಲೇ ಗದರಿದರು.

ಅವರನ್ನು ಒಪ್ಪಿಸಿದ್ದು ನನ್ನ ಜಾಣತನವಲ್ಲ, ಆ ಸಿಹಿಯ ಹಿಂದಿರುವ ಕಥೆ.

ಇಟಲಿಯ ಅತ್ತೆ ಮಾಡಿದ್ದು

ತಿರಾಮಿಸು ಎಂದರೆ ಇಟಲಿ ಭಾಷೆಯಲ್ಲಿ 'ನನ್ನನ್ನು ಮೇಲಕ್ಕೆಳೆ' ಎಂದರ್ಥ. ತಿರಾ ಎಂದರೆ ಎಳೆ, ಮಿ ಎಂದರೆ ನನ್ನನ್ನು, ಸು ಎಂದರೆ ಮೇಲಕ್ಕೆ. ಸೋತು ಸುಣ್ಣವಾದವರನ್ನು ಎಬ್ಬಿಸಿ ಕೂರಿಸುವ ತಿಂಡಿ ಎಂದಿಟ್ಟುಕೊಳ್ಳಿ.

ಅದರ ವಯಸ್ಸು ನಾವಂದುಕೊಂಡಷ್ಟು ದೊಡ್ಡದಲ್ಲ. ಇಟಲಿಯ ವೆನೆಟೊ ಪ್ರಾಂತ್ಯದ ಟ್ರೆವಿಸೊ ಪಟ್ಟಣದಲ್ಲಿ 'ಲೆ ಬೆಕೆರಿಯೆ' ಎಂಬ ಹೋಟೆಲಿತ್ತು. 1970ರ ಆಸುಪಾಸಿನಲ್ಲಿ ಹೋಟೆಲಿನ ಒಡತಿ ಅಲ್ಬಾ ಕಾಂಪಿಯೊಲ್ ಮತ್ತು ಬಾಣಸಿಗ ರೊಬೆರ್ಟೊ ಲಿಂಗ್ವನೊಟ್ಟೊ ಸೇರಿ ಇದನ್ನು ರೂಪಿಸಿದರು ಎನ್ನುತ್ತಾರೆ. ಪಕ್ಕದ ಫ್ರಿಯುಲಿ ಪ್ರಾಂತ್ಯದವರು ಮಾತ್ರ, ಅದಕ್ಕೂ ಮೊದಲೇ ನಮ್ಮ ತೊಲ್ಮೆಜೊ ಊರಲ್ಲಿ ಮಾಡುತ್ತಿದ್ದರು ಎಂದು ವಾದಿಸುತ್ತಾರೆ. 2017ರಲ್ಲಿ ಇಟಲಿ ಸರಕಾರ ಅದನ್ನು ಫ್ರಿಯುಲಿಯ ಸಾಂಪ್ರದಾಯಿಕ ತಿಂಡಿಗಳ ಪಟ್ಟಿಗೆ ಸೇರಿಸಿದಾಗ ವೆನೆಟೊದವರಿಗೆ ಸಿಟ್ಟು ಬಂದಿತ್ತು. ಮೈಸೂರು ಪಾಕ್‌ಗೆ ನಾವು ಜಗಳಾಡುವುದಿಲ್ಲವೇ, ಹಾಗೆಯೇ!

ಟ್ರೆವಿಸೊದಲ್ಲಿ ಹೇಳುವ ಕಥೆಯೇ ನನಗೆ ಬೇಕಾಗಿದ್ದದ್ದು. ಅಲ್ಬಾಗೆ ಮಗ ಹುಟ್ಟಿದಾಗ, ಬಾಣಂತಿ ಸೊಸೆಗೆ ಶಕ್ತಿ ಬರಲೆಂದು ಅತ್ತೆ ಮೊಟ್ಟೆಯ ಹಳದಿ ಭಾಗವನ್ನು ಸಕ್ಕರೆ ಜೊತೆ ಕಡೆದು, ಕಾಫಿ ಬೆರೆಸಿ ಕೊಡುತ್ತಿದ್ದರಂತೆ. ಆ ಭಾಗದಲ್ಲಿ ಮಕ್ಕಳಿಗೆ, ಮುದುಕರಿಗೆ, ಬಾಣಂತಿಯರಿಗೆ ಹೀಗೆ ಮೊಟ್ಟೆ ಸಕ್ಕರೆ ಕಡೆದು ಕೊಡುವುದು ಹಳೆಯ ರೂಢಿ. ಆ ರುಚಿಯ ನೆನಪಿನಿಂದಲೇ ತಿರಾಮಿಸು ಹುಟ್ಟಿತು ಎನ್ನುತ್ತಾರೆ.

ಇದನ್ನು ಹೇಳಿದಾಗ ಅತ್ತೆ ಸೌಟು ಕೆಳಗಿಟ್ಟು ಕೇಳಿದರು. "ಓ, ಹಾಗಾದರೆ ಅದು ಅವರ ಬಾಣಂತಿ ಮದ್ದು" ಎಂದರು. ಅಲ್ಲಿಗೆ ಅರ್ಧ ಕೆಲಸ ಆದಂತೆ.

ಎಲ್ಲವೂ ಸಿಗುತ್ತದೆ, ಒಂದನ್ನು ಬಿಟ್ಟು

ಕಾಫಿಗೆ ನಮಗೇನು ಬರ? ಚಾರ್ಮಾಡಿ ಘಾಟಿ ಹತ್ತಿದರೆ ಚಿಕ್ಕಮಗಳೂರಿನ ಕಾಫಿ ತೋಟಗಳು. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿಯೇ. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಮುಂದಿದೆ. ಮೇಲೆ ಉದುರಿಸುವ ಕೊಕ್ಕೊ ನಮ್ಮ ಅಡಿಕೆ ತೋಟಗಳ ನಡುವೆಯೇ ಆಗುತ್ತದೆ. 1986ರಿಂದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ ಅದರಿಂದ ಚಾಕಲೇಟು ಮಾಡುತ್ತಿದೆ. ಇನ್ನು ಪದರ ಪದರವಾದ ಸಿಹಿ, ಗಡ್‌ಬಡ್ ತಿಂದು ಬೆಳೆದವರಿಗೆ ಹೊಸದೇನಲ್ಲ.

ತೊಡಕು ಇರುವುದು ಮಸ್ಕಾರ್ಪೊನೆ ಎಂಬ ಮೆತ್ತನೆಯ ಚೀಸ್‌ನಲ್ಲಿ. ನೇತ್ರಾವತಿ ದಾಟಿ ಬಿ.ಸಿ.ರೋಡಿನ ಅಂಗಡಿಗಳಲ್ಲಿ ಕೇಳಿದರೆ ಹೆಸರೇ ಗೊತ್ತಿಲ್ಲ. ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಾಗೆಂದು ಹೆದರಬೇಡಿ. ಪನೀರ್ ಮಾಡಲು ಬರುವವರಿಗೆ ಇದೂ ಬರುತ್ತದೆ. ಹಾಲಿನ ಬದಲು ಕ್ರೀಮ್, ಅಷ್ಟೇ ವ್ಯತ್ಯಾಸ. ಕಟ್ಟಿದ ಮೊಸರು ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು, ಹುಳಿ ಎದ್ದು ಕಾಣುತ್ತದೆ.

ಲೇಡಿ ಫಿಂಗರ್ ಎಂಬ ಉದ್ದನೆಯ ಬಿಸ್ಕತ್ತು ಬೇಕು ಎಂದು ಬರೆದಿರುತ್ತಾರೆ. ಬೆಂಡೆಕಾಯಿ ಎಂದುಕೊಂಡು ಮಾರುಕಟ್ಟೆಗೆ ಹೋಗಬೇಡಿ! ನಾನು ಬಳಸಿದ್ದು ಬೇಕರಿಯ ಸಾದಾ ರಸ್ಕ್. ಏಲಕ್ಕಿ ಹಾಕಿದ ರಸ್ಕ್ ಬೇಡ, ಕಾಫಿಯ ಘಮ ಹೋಗುತ್ತದೆ.

ಬೇಕಾಗುವ ಸಾಮಗ್ರಿ (ಎಂಟು ಮಂದಿಗೆ)

ಫ್ರೆಶ್ ಕ್ರೀಮ್: ಅರ್ಧ ಲೀಟರ್
ನಿಂಬೆ ರಸ: ಒಂದು ದೊಡ್ಡ ಚಮಚ
ಮೊಟ್ಟೆಯ ಹಳದಿ: ನಾಲ್ಕು
ಸಕ್ಕರೆ: ಅರ್ಧ ಕಪ್ (100 ಗ್ರಾಂ)
ಸಾದಾ ರಸ್ಕ್: 16ರಿಂದ 18
ಕಾಫಿ ಪುಡಿ: ಆರು ದೊಡ್ಡ ಚಮಚ (ಚಿಕೋರಿ ಇಲ್ಲದ್ದಾದರೆ ಒಳ್ಳೆಯದು)
ಸಕ್ಕರೆ ಇಲ್ಲದ ಕೊಕ್ಕೊ ಪುಡಿ: ಎರಡು ಚಮಚ

ಮಾಡುವ ವಿಧಾನ

ಹಿಂದಿನ ದಿನವೇ ಮಸ್ಕಾರ್ಪೊನೆ ಮಾಡಿಟ್ಟುಕೊಳ್ಳಿ. ಕ್ರೀಮನ್ನು ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಅಂಚಿನಲ್ಲಿ ಪುಟ್ಟ ಗುಳ್ಳೆ ಬಂದರೆ ಸಾಕು (ಸುಮಾರು 85 ಡಿಗ್ರಿ), ಕುದಿಯಬಾರದು. ನಿಂಬೆ ರಸ ಹಾಕಿ ನಾಲ್ಕೈದು ನಿಮಿಷ ಕೈಯಾಡಿಸಿ. ಪನೀರಿನಂತೆ ಒಡೆದು ನೀರಾಗುವುದಿಲ್ಲ. ದೋಸೆ ಹಿಟ್ಟಿನ ಹದಕ್ಕೆ ಬಂದು ಸೌಟಿಗೆ ಅಂಟುತ್ತದೆ. ಪೂರ್ತಿ ಆರಿದ ಮೇಲೆ ಶುಭ್ರವಾದ ತೆಳು ಬೈರಾಸಿನ ತುಂಡನ್ನು ಜಾಲರಿ ಮೇಲೆ ಹಾಸಿ ಅದರಲ್ಲಿ ಸುರಿದು, ಕೆಳಗೊಂದು ಪಾತ್ರೆ ಇಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಗಟ್ಟಿ ಬೆಣ್ಣೆಯಂಥ ಮಸ್ಕಾರ್ಪೊನೆ ತಯಾರು.

ಮರುದಿನ ಫಿಲ್ಟರಿಗೆ ಕಾಫಿ ಪುಡಿ ಹಾಕಿ ಒಂದೂವರೆ ಕಪ್ ಕುದಿಯುವ ನೀರು ಹೊಯ್ದು ಗಟ್ಟಿ ಡಿಕಾಕ್ಷನ್ ಇಳಿಸಿ. ಫಿಲ್ಟರ್ ಚಿಕ್ಕದಾದರೆ ಎರಡು ಸಲ ಇಳಿಸಿದರಾಯಿತು. ಡಿಕಾಕ್ಷನ್ ಸಂಪೂರ್ಣ ತಣ್ಣಗಾಗಲಿ.

ಮೊಟ್ಟೆಯ ಹಳದಿ ಮತ್ತು ಸಕ್ಕರೆಯನ್ನು ಪಾತ್ರೆಯಲ್ಲಿ ಹಾಕಿ, ಕುದಿಯುವ ನೀರಿನ ಹಬೆಯ ಮೇಲಿಟ್ಟು ಬಿಡದೆ ಕಡೆಯಿರಿ. ಪಾತ್ರೆಯ ತಳ ನೀರಿಗೆ ತಾಗಬಾರದು. ಏಳೆಂಟು ನಿಮಿಷದಲ್ಲಿ ಬಣ್ಣ ತಿಳಿಯಾಗಿ ದಪ್ಪಗಾಗುತ್ತದೆ. ಥರ್ಮಾಮೀಟರ್ ಇದ್ದವರು 71 ಡಿಗ್ರಿ ನೋಡಿಕೊಳ್ಳಿ. ಕೆಳಗಿಳಿಸಿ, ಪೂರ್ತಿ ಆರಿದ ಮೇಲೆ ಮಸ್ಕಾರ್ಪೊನೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹಗುರ ಕೈಯಲ್ಲಿ ಬೆರೆಸಿ. ಬಿಸಿ ಇರುವಾಗಲೇ ಸೇರಿಸಿದರೆ ಕರಗಿ ನೀರಾದೀತು, ಜೋಕೆ.

ಇನ್ನು ಜೋಡಿಸುವುದು. ರಸ್ಕನ್ನು ಡಿಕಾಕ್ಷನ್‌ನಲ್ಲಿ ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಮಾತ್ರ ಅದ್ದಿ ಗಾಜಿನ ಇಲ್ಲವೇ ಸ್ಟೀಲ್ ಡಬ್ಬಿಯ ತಳದಲ್ಲಿ ಒತ್ತಾಗಿ ಜೋಡಿಸಿ. ಮೇಲೆ ಅರ್ಧ ಕ್ರೀಮ್ ಮಿಶ್ರಣ ಹರಡಿ. ಮತ್ತೊಂದು ಸಾಲು ರಸ್ಕ್, ಮತ್ತೆ ಉಳಿದ ಮಿಶ್ರಣ. ಮುಚ್ಚಳ ಹಾಕಿ ಕನಿಷ್ಠ ಎಂಟು ಗಂಟೆ ಫ್ರಿಜ್ಜಿನಲ್ಲಿಡಿ. ಕೊಕ್ಕೊ ಪುಡಿಯನ್ನು ಚಹಾ ಸೋಸುವ ಜಾಲರಿಯಿಂದ ಬಡಿಸುವ ಹೊತ್ತಿಗೆ ಉದುರಿಸಿ. ಮೊದಲೇ ಉದುರಿಸಿದರೆ ಒದ್ದೆಯಾಗಿ ಕಪ್ಪಿಡುತ್ತದೆ.

ನನ್ನ ಮೊದಲ ಪ್ರಯತ್ನದ ಗತಿ ಹೇಳಿಬಿಡುತ್ತೇನೆ. ಅವಸರಕ್ಕೆ ಬಿಸಿ ಡಿಕಾಕ್ಷನ್‌ನಲ್ಲಿಯೇ ರಸ್ಕ್ ಅದ್ದಿದೆ. ಎತ್ತುವಷ್ಟರಲ್ಲಿ ಕೈಯಲ್ಲಿ ಅರ್ಧ, ಲೋಟದಲ್ಲಿ ಅರ್ಧ. ಅದು ನಮ್ಮವರ ಸಂಜೆ ತಿಂಡಿಯಾಯಿತು. "ಕಾಫಿ ಗಂಜಿಯಾ?" ಎಂದು ಕೇಳಿ ಮಾತಿಲ್ಲದೆ ತಿಂದರು, ಪಾಪ.

ಇವನ್ನು ಮರೆಯಬೇಡಿ

* ಮೂಲ ವಿಧಾನದಲ್ಲಿ ಮೊಟ್ಟೆಯನ್ನು ಹಸಿಯಾಗಿಯೇ ಹಾಕುತ್ತಾರೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವ ಸಾಧ್ಯತೆ ಇದೆ. ಗರ್ಭಿಣಿ, ಬಾಣಂತಿ, ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹಬೆಯಲ್ಲಿ ಬೇಯಿಸಿಯೇ ಮಾಡಿ.

* ಹೋಟೆಲುಗಳಲ್ಲಿ ಇದಕ್ಕೆ ರಮ್ ಅಥವಾ ವೈನ್ ಸೇರಿಸುವುದುಂಟು. ಟ್ರೆವಿಸೊದ ಮೂಲ ತಿಂಡಿಯಲ್ಲಿ ಮದ್ಯ ಇರಲಿಲ್ಲ. ಹಾಗಾಗಿ ಅದನ್ನು ಬಿಟ್ಟರೆ ರುಚಿ ಕೆಟ್ಟಿತೆಂಬ ಚಿಂತೆ ಬೇಡ. ಹೊರಗೆ ತಿನ್ನುವಾಗ ಮಾತ್ರ ಕೇಳಿ ತಿಳಿದುಕೊಳ್ಳಿ.

* ಮೊಟ್ಟೆ ತಿನ್ನದವರು ಮುಕ್ಕಾಲು ಕಪ್ ಹಾಲಿಗೆ ಎರಡು ದೊಡ್ಡ ಚಮಚ ವೆನಿಲಾ ಕಸ್ಟರ್ಡ್ ಪುಡಿ, ಅರ್ಧ ಕಪ್ ಸಕ್ಕರೆ ಹಾಕಿ ಗಟ್ಟಿಯಾಗಿ ಕಾಯಿಸಿ, ಆರಿಸಿ, ಗಂಟಿಲ್ಲದಂತೆ ಕಡೆದು ಹಳದಿಯ ಬದಲಿಗೆ ಬಳಸಬಹುದು. ಲೇಡಿ ಫಿಂಗರ್ ಬಿಸ್ಕತ್ತಿನಲ್ಲಿ ಮೊಟ್ಟೆ ಇರುತ್ತದೆ ಎಂಬುದು ನೆನಪಿರಲಿ. ರಸ್ಕ್ ಪೊಟ್ಟಣದ ಮೇಲೂ ಹಸಿರು ಚುಕ್ಕೆ ನೋಡಿಕೊಳ್ಳಿ.

* ಒಂದು ತುಂಡಿನಲ್ಲಿ ಹೆಚ್ಚುಕಡಿಮೆ ಒಂದು ಕಪ್ ಕಾಫಿಯಷ್ಟು ಕೆಫೀನ್ ಇರುತ್ತದೆ. ಹಾಲುಣಿಸುವ ತಾಯಂದಿರು ಮಿತವಾಗಿ ಕಾಫಿ ಕುಡಿಯಬಹುದು, ದಿನಕ್ಕೆ ಎರಡು ಕಪ್ ಮೀರದಿದ್ದರೆ ಒಳ್ಳೆಯದು. ತಿರಾಮಿಸು ತಿಂದ ದಿನ ಒಂದು ಕಪ್ ಕಾಫಿ ಬಿಡಿ. ಮಗು ನಿದ್ದೆ ಮಾಡದೆ ಕಿರಿಕಿರಿ ಮಾಡಿದರೆ ಇನ್ನೂ ಕಡಿಮೆ ಮಾಡಿ.

* ಕರಾವಳಿಯ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯಬೇಡಿ. ನಾಲ್ಕು ಗಂಟೆಗೂ ಮೀರಿ ಕರೆಂಟು ಇಲ್ಲದಿದ್ದರೆ ಅದನ್ನು ತಿನ್ನಬೇಡಿ. ಎರಡು ದಿನದೊಳಗೆ ಮುಗಿಸಿ.

ಒಂದು ಚಮಚ, ಇನ್ನೊಂದು ಚಮಚ

ತಂಪು ಎಂಬ ಅತ್ತೆಯ ತಕರಾರಿಗೆ ಒಂದು ಒಪ್ಪಂದವಾಯಿತು. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟು ಕೊಟ್ಟೆವು. ನಾದಿನಿ ಮಗುವನ್ನು ನನ್ನ ಕೈಗೆ ಕೊಟ್ಟು ತಿನ್ನತೊಡಗಿದಳು. ಅರ್ಧ ತಿಂದು ಅಳು ಬಂತು. ಅತ್ತೆ ಅವಳ ಬೆನ್ನು ಸವರುತ್ತಾ ಪಕ್ಕದಲ್ಲೇ ಕೂತರು. ಆಮೇಲೆ ಅವಳು ಮಾತಾಡಿದಳು. ರಾತ್ರಿಯಿಡೀ ನಿದ್ದೆಯಿಲ್ಲದ್ದು, ಹಾಲು ಸಾಲದೆಂಬ ಭಯ, ಎಲ್ಲರೂ ಮಗುವನ್ನೇ ನೋಡಲು ಬರುವುದು, ತನಗೆ ಖುಷಿಯೇ ಆಗದಿರುವುದು, ಎಲ್ಲ. ಅತ್ತೆ ಒಂದಕ್ಕೂ ಅಡ್ಡ ಮಾತಾಡಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ತಾವೇ ಒಂದು ಚಮಚ ರುಚಿ ನೋಡಿ "ಸ್ವಲ್ಪ ಕಹಿ ಉಂಟು" ಎಂದರು. ಇನ್ನೊಂದು ಚಮಚವನ್ನೂ ತೆಗೆದುಕೊಂಡರು.

ತಿರಾಮಿಸು ತಿಂದು ಅವಳ ಬೇಸರ ಹೋಯಿತು ಎಂದು ಬರೆದರೆ ಸುಳ್ಳಾದೀತು. ಹೆರಿಗೆಯ ನಂತರದ ಅಳು, ಬೇಸರ ಬಹಳಷ್ಟು ತಾಯಂದಿರಿಗೆ ಬರುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಎರಡು ವಾರ ದಾಟಿಯೂ ಊಟ, ನಿದ್ದೆ ಸೇರದಿದ್ದರೆ, ಮಗುವಿನ ಮೇಲೆ ಆಸೆ ಇಲ್ಲವಾದರೆ, ಬದುಕು ಬೇಡ ಎಂಬ ಮಾತು ಬಂದರೆ ಅದು ಕಾಯಿಲೆ. ಕಾಯದೆ ವೈದ್ಯರಿಗೆ ತೋರಿಸಬೇಕು. ನಾವೂ ಆ ವಾರವೇ ಕರೆದುಕೊಂಡು ಹೋದೆವು. ಔಷಧಿ, ಮಾತು, ವಿಶ್ರಾಂತಿ ಎಲ್ಲ ಸೇರಿ ನಿಧಾನವಾಗಿ ಚೇತರಿಸಿಕೊಂಡಳು. ಆದರೆ ಅವಳ ಬಾಯಿ ತೆರೆಸಿದ್ದು ಆ ಒಂದು ತಟ್ಟೆ ಸಿಹಿ.

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ ಮೆಂತೆ ಗಂಜಿಯ ಜೊತೆಗೆ "ನಿನಗೆ ಎಂತ ತಿನ್ನಬೇಕು ಅನ್ನಿಸುತ್ತದೆ?" ಎಂದೊಮ್ಮೆ ಕೇಳಿ. ಬಾಣಂತಿ ಇಲ್ಲದಿದ್ದರೂ ಒಂದು ಶನಿವಾರ ರಾತ್ರಿ ಕ್ರೀಮ್ ಕಾಯಿಸಿಡಿ. ಭಾನುವಾರ ಬೆಳಿಗ್ಗೆ ಜೋಡಿಸಿದರೆ ಸಂಜೆಗೆ ಸಿದ್ಧ. ಎಲ್ಲರಿಗೂ ಬಡಿಸಿ ಕೊನೆಗೆ ಡಬ್ಬಿಯ ಅಂಚು ಕೆರೆದು ತಿನ್ನುವುದು ನಮ್ಮ ಅಭ್ಯಾಸ ತಾನೇ? ಈ ಸಿಹಿ ಮಾಡಿದ ದಿನ ಮಾತ್ರ ಮೊದಲ ತುಂಡನ್ನು ನಿಮ್ಮ ತಟ್ಟೆಗೇ ಹಾಕಿಕೊಳ್ಳಿ, ಆಯ್ತಾ?