ಲಗ್ನಪತ್ರಿಕೆಯ ಮೂಲೆಯಲ್ಲೊಂದು ಚೌಕ

ಅಣ್ಣನ ಮಗಳ ಮದುವೆಗೆ ಲಗ್ನಪತ್ರಿಕೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಲ್ಯಾಣಮಂಟಪ ತಿಪಟೂರಿನಿಂದಾಚೆ, ತೆಂಗಿನ ತೋಟಗಳ ನಡುವೆ. ಬಾಯಲ್ಲಿ ಹೇಳಿದರೆ ಅರ್ಥವಾಗುವ ದಾರಿಯಲ್ಲ. "ಚಿಕ್ಕಪ್ಪ, ಒಂದು ಕ್ಯೂಆರ್ ಕೋಡ್ ಹಾಕಿಸಿಬಿಡಿ. ಸ್ಕ್ಯಾನ್ ಮಾಡ್ಕೊಂಡು ಬರ್ತಾರೆ" ಎಂದಳು ಮದುಮಗಳು. ಸರಿ, ಹಾಕಿಸಿದೆ. ಕುಂಕುಮ ಬಣ್ಣದ ದಪ್ಪ ಕಾರ್ಡು, ಅದರ ಮೇಲೆ ಮಿರುಗುವ ಚಿನ್ನದ ಬಣ್ಣದ ಚೌಕ, ನಡುವೆ ಗಣಪ, ಸುತ್ತ ಒತ್ತಿಕೊಂಡಂತೆ ಬಳ್ಳಿಯ ಅಂಚು. ಚೌಕದೊಳಗೆ ಮಂಟಪದ ನಕ್ಷೆಯ ಕೊಂಡಿಯ ಜೊತೆಗೆ ವಧೂವರರ ಹೆಸರು, ಎರಡೂ ಕಡೆಯ ಹಿರಿಯರ ಹೆಸರು, ಮುಹೂರ್ತ, ವಿಳಾಸ ಎಲ್ಲವನ್ನೂ ಕನ್ನಡದಲ್ಲೇ ತುಂಬಿಸಿದ್ದೆ. ಜಾಗ ಪುಕ್ಕಟೆ ತಾನೆ!

ಮೂರನೆಯ ದಿನ ದೊಡ್ಡಪ್ಪನ ಫೋನು. "ಏನಯ್ಯಾ, ನಿನ್ನ ಚೌಕ ನನ್ನ ಮೊಬೈಲಿಗೆ ಬಗ್ಗುತ್ತಿಲ್ಲ." ನನ್ನ ಮೊಬೈಲಿಗೂ ಬಗ್ಗಲಿಲ್ಲ. ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ಸ್ಕ್ಯಾನ್ ಮಾಡಿ ನೋಡುವ ಬುದ್ಧಿ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ವಿಜ್ಞಾನ ಬರೆಯುವ ನನಗೂ ಸೇರಿ.

ಈ ಚೌಕ ಹುಟ್ಟಿದ್ದು ಮದುವೆಗಲ್ಲ, ಕಾರಿನ ಬಿಡಿಭಾಗಗಳಿಗೆ. ಜಪಾನಿನ ಐಚಿ ಪ್ರಾಂತ್ಯದಲ್ಲಿ ಟೊಯೊಟಾ ಬಳಗದ ಡೆನ್ಸೊ ಎಂಬ ಸಂಸ್ಥೆಯಿದೆ. ಅಲ್ಲಿ ಡಬ್ಬಗಳ ಮೇಲೆ ಬಾರ್‌ಕೋಡ್ ಅಂಟಿಸುತ್ತಿದ್ದರು. ಒಂದು ಬಾರ್‌ಕೋಡಿನಲ್ಲಿ ಹಿಡಿಸುವುದು ಇಪ್ಪತ್ತು ಅಕ್ಷರದ ಆಸುಪಾಸು. ಹಾಗಾಗಿ ಒಂದೇ ಡಬ್ಬಕ್ಕೆ ಹಲವಾರು ಪಟ್ಟಿಗಳು, ಎಲ್ಲವನ್ನೂ ಒಂದೊಂದಾಗಿ ಓದಿಸುತ್ತ ಕೂರುವ ಕೆಲಸಗಾರರು. ಇದಕ್ಕೊಂದು ದಾರಿ ಹುಡುಕಲು ಹೊರಟ ಎಂಜಿನಿಯರ್ ಮಸಾಹಿರೊ ಹಾರಾ, ಊಟದ ಬಿಡುವಿನಲ್ಲಿ 'ಗೊ' ಆಡುತ್ತಿದ್ದವರು. ಗೆರೆ ಎಳೆದ ಹಲಗೆಯ ಮೇಲೆ ಕಪ್ಪು ಬಿಳುಪು ಕಾಯಿಗಳನ್ನು ಇಡುವ ಆಟ ಅದು. ಬಾರ್‌ಕೋಡ್ ಅಡ್ಡಕ್ಕೆ ಮಾತ್ರ ಮಾತಾಡುತ್ತದೆ, ಹಲಗೆ ಅಡ್ಡಕ್ಕೂ ಉದ್ದಕ್ಕೂ ಮಾತಾಡಬಲ್ಲದು ಎಂಬ ಹೊಳಹು ಅವರಿಗೆ ಅಲ್ಲಿ ಸಿಕ್ಕಿತು. 1994ರಲ್ಲಿ ಕ್ಯೂಆರ್ ಕೋಡ್ ಹೊರಬಂತು. ಡೆನ್ಸೊ ಪೇಟೆಂಟ್ ಇಟ್ಟುಕೊಂಡಿತೇ ಹೊರತು ಬಳಸುವವರಿಂದ ಕಾಸು ಕೇಳಲಿಲ್ಲ. ನಮ್ಮ ಎಳನೀರು ಗಾಡಿಯವರೆಗೂ ಅದು ಬಂದದ್ದಕ್ಕೆ ಈ ಔದಾರ್ಯವೂ ಒಂದು ಕಾರಣ.

ಚೌಕಾಬಾರ ಆಡಿದವರಿಗೆ ಹಲಗೆಯ 'ಮನೆ' ಗೊತ್ತು. ಕ್ಯೂಆರ್ ಕೋಡಿನಲ್ಲೂ ಅಂಥ ಮನೆಗಳೇ. ಕಪ್ಪಾದರೆ ಒಂದು, ಬಿಳಿಯಾದರೆ ಸೊನ್ನೆ. ಅತಿ ಚಿಕ್ಕ ಹಲಗೆಗೆ ಬದಿಗೆ 21 ಮನೆ. ನಾಲ್ಕು ನಾಲ್ಕಾಗಿ ಬೆಳೆಯುತ್ತ ಹೋಗಿ ಅತಿ ದೊಡ್ಡದಕ್ಕೆ 177. ಒಟ್ಟು 40 ಅಳತೆಗಳು.

ಮೂರು ಮೂಲೆಯಲ್ಲಿರುವ ದಪ್ಪ ಚೌಕಗಳೇ ಹಾರಾ ಅವರ ನಿಜವಾದ ಜಾಣ್ಮೆ ಎಂದು ನನ್ನ ಲೆಕ್ಕ. ಫೋನು ಮೊದಲು ಹುಡುಕುವುದು ಇವನ್ನೇ. ಅಂಥ ಒಂದು ಚೌಕದ ನಡುವೆ ಯಾವ ಕೋನದಿಂದ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಸಿಗುತ್ತವೆ. ಅವುಗಳ ಅಗಲ 1:1:3:1:1. ಈ ಲೆಕ್ಕ ಎಲ್ಲಿಂದ ಬಂತು? ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆ ಹೀಗೆ ಅಚ್ಚಾದ ಕಾಗದಗಳನ್ನೆಲ್ಲ ರಾಶಿ ಹಾಕಿಕೊಂಡು, ಕಪ್ಪು ಬಿಳುಪು ಯಾವ ಪ್ರಮಾಣದಲ್ಲಿ ಬರುವುದು ಅತಿ ಅಪರೂಪ ಎಂದು ಹಾರಾ ತಂಡ ಅಳೆದು ನೋಡಿತು. ಜಾತ್ರೆಯಲ್ಲಿ ಕಳೆದುಹೋಗದಿರಲಿ ಎಂದು ಮಗುವಿಗೆ ಯಾರೂ ತೊಡದ ಬಣ್ಣದ ಅಂಗಿ ತೊಡಿಸಿದ ಹಾಗೆ. ನಾಲ್ಕನೆಯ ಮೂಲೆ ಖಾಲಿ ಇರುವುದರಿಂದ ಕಾರ್ಡು ತಲೆಕೆಳಗಾದರೂ ಮೇಲ್ಯಾವುದು ಕೆಳಗ್ಯಾವುದು ಎಂದು ಫೋನಿಗೆ ತಿಳಿಯುತ್ತದೆ. ಆಮೇಲೆ ಅದು ಬಲಗಡೆಯ ಕೆಳಮೂಲೆಯಿಂದ ಎರಡೆರಡು ಮನೆ ಅಗಲಕ್ಕೆ, ಹೊಲ ಉತ್ತಂತೆ ಮೇಲಕ್ಕೂ ಕೆಳಕ್ಕೂ ಓದುತ್ತ ಸಾಗುತ್ತದೆ.

ಈಗ ನಾನು ಪುಕ್ಕಟೆ ಎಂದುಕೊಂಡ ಜಾಗದ ವಿಷಯ. 'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಮಾತ್ರ ಕ, ರ, ವಿರಾಮ, ನ, ದೀರ್ಘ, ಟ, ಕ ಎಂದು ಏಳು ಎಣಿಸುತ್ತದೆ. ಯೂನಿಕೋಡಿನ ಸಾಮಾನ್ಯ ಬರವಣಿಗೆಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21 ಬೈಟ್, ಅಂದರೆ 168 ಬಿಟ್. ಅದೇ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ 50 ಬಿಟ್ಟಿಗೆ ಮುಗಿಯಿತು, ಏಕೆಂದರೆ ದೊಡ್ಡಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗೆಂದೇ ಒಂದು ಬಿಗಿಯಾದ ಲಿಪಿಕ್ರಮ ಕ್ಯೂಆರ್‌ನಲ್ಲಿದೆ. ಇಂಗ್ಲಿಷಿನ ಹೆಸರು 21 ಮನೆಯ ಹಲಗೆಯಲ್ಲಿ ಕಾಲು ಚಾಚಿ ಕೂರುತ್ತದೆ. ಕನ್ನಡದ ಹೆಸರು ಅಲ್ಲಿ ಹಿಡಿಸದೆ ಮುಂದಿನ ಅಳತೆಗೆ ಹೋಗಬೇಕು. ಕನ್ನಡ ಪದವಿರುವ ಜಾಲತಾಣದ ಕೊಂಡಿಯನ್ನು ನಕಲು ಮಾಡಿದರೆ ಇನ್ನೂ ಕಷ್ಟ. ಒಂದೊಂದು ಬೈಟೂ ಶೇಕಡಾ ಚಿಹ್ನೆಯ ಜೊತೆ ಮೂರಕ್ಷರವಾಗಿ ಹಿಗ್ಗಿ, 'ಕನ್ನಡ' ಎಂಬ ಪದ 45 ಅಕ್ಷರದ ಸರಪಣಿಯಾಗುತ್ತದೆ. ಬೇಸರವೇನೋ ಆಗುತ್ತದೆ, ಆದರೆ ಲೆಕ್ಕ ಲೆಕ್ಕವೇ.

ನಮ್ಮ ಕಾರ್ಡಿನ ಒಕ್ಕಣೆ ಸಾವಿರ ಬೈಟ್ ಮುಟ್ಟಿತ್ತು. ಅದಕ್ಕೆ ಬದಿಗೆ ನೂರಕ್ಕೂ ಹೆಚ್ಚು ಮನೆ ಬೇಕು. ಕಾರ್ಡಿನ ಮೂಲೆಯಲ್ಲಿ ಅದಕ್ಕೆ ಕೊಟ್ಟಿದ್ದು ಎರಡು ಸೆಂಟಿಮೀಟರ್. ಒಂದು ಮನೆಯ ಪಾಲಿಗೆ 0.2 ಮಿಲಿಮೀಟರ್ ಕೂಡ ಬರಲಿಲ್ಲ. ಅಚ್ಚಿನ ಮಸಿ ಕೊಂಚ ಹರಡಿದರೂ ಪಕ್ಕದ ಮನೆ ಮುಳುಗುವ ಅಳತೆ ಇದು.

"ಗಣಪನನ್ನು ಕೂರಿಸಿದ್ದೇ ತಪ್ಪು" ಎಂದು ಅಣ್ಣ ಅಂದ. ಅರ್ಧ ನಿಜ. ಗಣಪ ಕೂರಬಹುದು, ಅವನಿಗೆ ಪೀಠ ಸಿದ್ಧವಿರಬೇಕಷ್ಟೆ. ಆ ಪೀಠ ಒದಗಿಸಿದವರು ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಇಬ್ಬರು ಅಮೆರಿಕನ್ನರು, 1960ರಲ್ಲಿ. ಅವರ ಉಪಾಯದ ತಿರುಳನ್ನು ಗ್ರಾಫ್ ಹಾಳೆಯ ಮೇಲೆ ನೋಡಬಹುದು. ಒಂದು ನೇರ ಗೆರೆ ಎಳೆಯಲು ಎರಡು ಚುಕ್ಕಿ ಸಾಕು. ನಾನು ಬೇಕೆಂದೇ ಅದೇ ಗೆರೆಯ ಮೇಲೆ ನಾಲ್ಕು ಚುಕ್ಕಿ ಕಳಿಸುತ್ತೇನೆ. ದಾರಿಯಲ್ಲಿ ಒಂದು ಚುಕ್ಕಿ ಜಾರಿ ಎಲ್ಲೋ ಬಿದ್ದರೂ ಉಳಿದ ಮೂರು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಜಾರಿದ್ದು ಯಾವುದು, ಅದು ಎಲ್ಲಿರಬೇಕಿತ್ತು ಎರಡೂ ಗೊತ್ತಾಗಿಬಿಡುತ್ತದೆ. ಗೆರೆಯ ಬದಲು ಇನ್ನೂ ಸುತ್ತುಬಳಸಿನ ಸಮೀಕರಣ, ಚುಕ್ಕಿಗಳ ಬದಲು ಬೈಟುಗಳು ಎಂದುಕೊಳ್ಳಿ. ಗೀರು ಬಿದ್ದ ಸಿ.ಡಿ. ಹಾಡುತ್ತಿದ್ದುದೂ ಇದೇ ಗಣಿತದಿಂದ. ಕ್ಯೂಆರ್ ಕೋಡ್ ಮಾಡುವಾಗ ಇದರ ನಾಲ್ಕು ಮಟ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಸುಮಾರು ಶೇ. 7, 15, 25 ಅಥವಾ 30ರಷ್ಟು ಹಾಳಾದರೂ ಓದುವಂಥದ್ದು. ನನ್ನ ಒಕ್ಕಣೆ ಉದ್ದವಾಗಿದ್ದರಿಂದ ಕೋಡಿಗೆ ಶೇ. 7ರ ಮಟ್ಟವನ್ನು ಇಟ್ಟಿದ್ದರು. ಅದನ್ನು ಗಣಪನ ಹೊಟ್ಟೆಯೊಂದೇ ನುಂಗಿ ಮುಗಿಸಿತ್ತು.

ಉಳಿದ ತಪ್ಪುಗಳು ಬರಿಗಣ್ಣಿಗೇ ಕಾಣುವಂಥವು. ಚೌಕದ ನಾಲ್ಕೂ ಕಡೆ ನಾಲ್ಕು ಮನೆಯಷ್ಟು ಅಂಗಳ ಖಾಲಿ ಇರಬೇಕು. ಅಲ್ಲಿ ನಾವು ಬಳ್ಳಿ ಹಬ್ಬಿಸಿದ್ದೆವು. ಕಪ್ಪು ಇರಬೇಕಾದಲ್ಲಿ ಹೊಳೆಯುವ ಚಿನ್ನ, ಬಿಳಿ ಇರಬೇಕಾದಲ್ಲಿ ಗಾಢ ಕುಂಕುಮ. ಹೀಗೆ ತಿರುವುಮುರುವಾದ ಕೋಡನ್ನು ಕೆಲವು ಫೋನುಗಳು ಓದುತ್ತವೆ, ಕೆಲವು ಓದುವುದಿಲ್ಲ. ದೀಪದ ಕೆಳಗೆ ಹಿಡಿದರೆ ಚಿನ್ನವೇ ಬೆಳ್ಳಗೆ ಮಿಂಚಿ ಎಲ್ಲ ಕಲಸಿಹೋಗುತ್ತಿತ್ತು.

ಹೊಸ ಕೋಡಿನಲ್ಲಿ ನಕ್ಷೆಯ ಚಿಕ್ಕ ಕೊಂಡಿ ಒಂದನ್ನೇ ಇಟ್ಟೆ, ಸುಮಾರು 40 ಅಕ್ಷರ. ಶೇ. 25ರ ಮಟ್ಟ ಕೊಟ್ಟರೂ 33 ಮನೆಯ ಹಲಗೆ ಸಾಕಾಯಿತು. ಮೂರು ಸೆಂಟಿಮೀಟರಿನಲ್ಲಿ ಒಂದೊಂದು ಮನೆಯೂ ಹೆಚ್ಚುಕಡಿಮೆ ಮಿಲಿಮೀಟರ್ ಅಗಲ. ಓದುವ ದೂರದ ಹತ್ತನೆಯ ಒಂದರಷ್ಟಾದರೂ ಚೌಕದ ಅಗಲವಿರಲಿ ಎಂಬುದು ಈ ಕೆಲಸ ಬಲ್ಲವರ ರೂಢಿ. ಕೈಯಲ್ಲಿ ಹಿಡಿದು ನೋಡುವ ಕಾರ್ಡಿಗೆ ಮೂರು ಸೆಂಟಿಮೀಟರ್ ಸಾಕು. ಹತ್ತು ಅಡಿ ದೂರದಿಂದ ಓದಬೇಕಾದ ಫಲಕಕ್ಕೆ ಒಂದಡಿ ಬೇಕು. ಬಿಳಿ ಸ್ಟಿಕ್ಕರಿನ ಮೇಲೆ ಬರಿಗಪ್ಪಿನಲ್ಲಿ ಅಚ್ಚು ಹಾಕಿಸಿ, ಹಂಚದೆ ಉಳಿದ ಕಾರ್ಡುಗಳಿಗೆಲ್ಲ ಮನೆಮಂದಿ ಕೂತು ಅಂಟಿಸಿದೆವು. "ಹಣೆಗೆ ಪ್ಲಾಸ್ಟರ್ ಹಾಕಿದ ಹಾಗಿದೆ" ಎಂದಳು ಮದುಮಗಳು.

ಕೋಡನ್ನು ಪುಕ್ಕಟೆ ಮಾಡಿಕೊಡುವ ತಾಣಗಳಲ್ಲಿ ಒಂದು ಸಂಗತಿ ಗಮನಿಸಬೇಕು. ಕೆಲವು ನಿಮ್ಮ ಕೊಂಡಿಯನ್ನು ಒಳಗಿಡದೆ ತಮ್ಮದೇ ಚಿಕ್ಕ ಕೊಂಡಿಯೊಂದನ್ನು ಇಟ್ಟು, ಅಲ್ಲಿಂದ ನಿಮ್ಮಲ್ಲಿಗೆ ತಿರುಗಿಸುತ್ತವೆ. ಅಚ್ಚಾದ ಮೇಲೂ ಗುರಿ ಬದಲಿಸಬಹುದು, ಎಷ್ಟು ಜನ ನೋಡಿದರೆಂದು ಎಣಿಸಬಹುದು, ಅನುಕೂಲವೇ. ಆದರೆ ಅದು ಬಾಡಿಗೆ ಮನೆ. ಚಂದಾ ನಿಂತ ದಿನ ಬಾಗಿಲು ಮುಚ್ಚಬಹುದು. ಕಲ್ಲಿನಲ್ಲಿ ಕೆತ್ತಿಸುವ ಶಾಲೆಯ ಫಲಕಕ್ಕೋ ಪುಸ್ತಕದ ಹಾಳೆಗೋ ಇಂಥದ್ದು ಬೇಡವೆಂಬುದು ನನ್ನ ಅಭಿಪ್ರಾಯ. ನೇರ ಕೊಂಡಿಯಿರುವ ಕೋಡಿಗೆ ತನ್ನದೇ ಆದ ಅವಧಿ ಎಂಬುದಿಲ್ಲ.

ಅಂಗಡಿಯ ಯುಪಿಐ ಸ್ಟಿಕ್ಕರಿನೊಳಗೂ ದುಡ್ಡಿಲ್ಲ, ಗುಟ್ಟಿಲ್ಲ. ಯಾರಿಗೆ ಕೊಡಬೇಕೆಂಬ ಯುಪಿಐ ವಿಳಾಸ, ಹೆಸರು, ಇನ್ನು ಒಂದೆರಡು ವಿವರ. ಹರಿದರೆ, ಎಣ್ಣೆ ಬಿದ್ದರೆ ಚೌಕ ತನ್ನನ್ನು ತಾನೇ ರಿಪೇರಿ ಮಾಡಿಕೊಂಡೀತು. ಅದರ ಮೇಲೆ ಇನ್ನೊಬ್ಬರು ತಮ್ಮ ಚೌಕ ಅಂಟಿಸಿಬಿಟ್ಟರೆ ರೀಡ್, ಸಾಲಮನ್ ಇಬ್ಬರೂ ಕೈಚೆಲ್ಲಬೇಕಾದ್ದೇ. ನೋಡಲು ಎಲ್ಲ ಚೌಕಗಳೂ ಒಂದೇ. ಹಾಗಾಗಿ ಕೊಡುವವರು ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಹೆಸರನ್ನು ಓದಬೇಕು. ಹಣ ಪಡೆಯುವವರು ಪಿನ್ ಒತ್ತುವ ಪ್ರಮೇಯವೇ ಇಲ್ಲ. "ದುಡ್ಡು ಬರುತ್ತೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದವನು ಕಳ್ಳ.

ನಮ್ಮ ಬೀದಿಯ ಇಡ್ಲಿ ಹೋಟೆಲಿನಾಕೆಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆದು, ಒದ್ದೆ ಬಟ್ಟೆಯಿಂದ ಸ್ಟಿಕ್ಕರ್ ಒರೆಸಿ, ಅಂಚನ್ನು ಉಗುರಿನಿಂದ ಒಮ್ಮೆ ಕೆರೆದು ನೋಡುತ್ತಾರೆ. ಆಮೇಲೆ ಮಗನ ಫೋನಿನಿಂದ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಕಳಿಸುತ್ತಾರೆ. ಗಲ್ಲಾದ ಪಕ್ಕದ ಡಬ್ಬಿ "ಒಂದು ರೂಪಾಯಿ ಬಂದಿದೆ" ಎಂದು ಕೂಗಿದ ಮೇಲೆಯೇ ಮೊದಲ ತಟ್ಟೆ ಹೊರಗೆ ಬರುವುದು.