ಹಿಮಾಲಯದ ಗರಸು ಕಾಡುಮಣ್ಣು: ತಪ್ಪು ಕಲ್ಪನೆ ಮತ್ತು ಸತ್ಯ

ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 2000 ಮೀಟರಿನಿಂದ 3500 ಮೀಟರ್ ಎತ್ತರದವರೆಗಿನ ಕಡಿದಾದ ಇಳಿಜಾರುಗಳಲ್ಲಿ ದೇವದಾರು, ನೀಲಿ ಪೈನ್, ಸ್ಪ್ರೂಸ್, ಫರ್, ಖರ್ಸು ಓಕ್ ಮತ್ತು ಭೂರ್ಜದ ಕಾಡುಗಳಿವೆ. ಈ ಕಾಡುಗಳ ನೆಲ ಬಹುಪಾಲು ಗರಸು. ಮಣ್ಣುವಿಜ್ಞಾನದ ಲೆಕ್ಕದಲ್ಲಿ 2 ಮಿಲಿಮೀಟರಿಗಿಂತ ದಪ್ಪನಾದದ್ದೆಲ್ಲ ಕಲ್ಲು. ಅದಕ್ಕಿಂತ ಸಣ್ಣದಾದ ಮರಳು, ಗೋಡು, ಜೇಡಿ ಸೇರಿದ್ದು ನಯಮಣ್ಣು. ಅಮೆರಿಕದ ಕೃಷಿ ಇಲಾಖೆ ರೂಪಿಸಿದ, ಭಾರತದ ಮಣ್ಣು ಸಮೀಕ್ಷೆಯಲ್ಲೂ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ ಕಲ್ಲಿನ ಪಾಲು ಘನಗಾತ್ರದಲ್ಲಿ ಶೇ. 35 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ‘ಸ್ಕೆಲಿಟಲ್’ ಮಣ್ಣು. ನೆಲದ ಅರ್ಧ ಮೀಟರ್ ಆಳದಲ್ಲಿ ವರ್ಷದ ಸರಾಸರಿ ಉಷ್ಣಾಂಶ 8 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದು, ಬೇಸಿಗೆಯೂ ತಂಪಾಗಿದ್ದರೆ ಅದನ್ನು ‘ಕ್ರಯಿಕ್’ ಎನ್ನುತ್ತಾರೆ. ಇಂಥ ಮಣ್ಣನ್ನು ಅದರ ಕಲ್ಲು ನೋಡಿ ಅಳೆಯುವುದರಿಂದಲೇ ಹಲವು ತಪ್ಪು ಕಲ್ಪನೆಗಳು ಹುಟ್ಟಿವೆ.

ತಪ್ಪು ಕಲ್ಪನೆ 1: ಅಡಿಯ ಬಂಡೆಯೇ ಸವೆದು ಮೇಲಿನ ಮಣ್ಣಾಗಿದೆ

ಸತ್ಯ: ಸಮತಟ್ಟು ನೆಲದಲ್ಲಿ ಈ ಮಾತು ಎಷ್ಟೋ ಕಡೆ ಸರಿ, ಕಡಿದಾದ ಇಳಿಜಾರಿನಲ್ಲಿ ಅಷ್ಟಾಗಿ ಅಲ್ಲ. ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹೀಗೆ ಸೀಳಿದ ಚೂರುಗಳು ಕೆಳಗೆ ಉರುಳಿ, ಜಾರಿ, ಮತ್ತೊಂದು ಕಡೆ ನೆಲೆ ನಿಲ್ಲುತ್ತವೆ. ಆದ್ದರಿಂದ ಅಡಿಯಲ್ಲಿ ಫಿಲೈಟ್ ಇದ್ದರೂ ಮೇಲಿನ ಮಣ್ಣಿನಲ್ಲಿ ಎತ್ತರದಿಂದ ಬಂದ ಕ್ವಾರ್ಟ್‌ಜೈಟ್ ಚೂರುಗಳು ಸಿಗಬಹುದು.

ರಸ್ತೆಗಾಗಿ ಗುಡ್ಡ ಕಡಿದ ಕಡೆ ಇದು ಕಣ್ಣಿಗೇ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಸೂಜಿಯೆಲೆ, ತೊಗಟೆ, ಕಾಯಿಚೂರುಗಳ ದರಗು. ಅದರಡಿ ಬೇರು ಹೆಣೆದುಕೊಂಡ ಕಪ್ಪು ಪದರ. ಆಮೇಲೆ ಕಂದು ಮಣ್ಣು, ಅದರ ತುಂಬ ಅಂಚು ಮೊನಚಾದ ಕಲ್ಲುಗಳು. ಚಪ್ಪಟೆ ಕಲ್ಲುಗಳು ಹೆಚ್ಚಾಗಿ ಇಳಿಜಾರಿನ ಕಡೆಗೇ ಮಲಗಿರುತ್ತವೆ. ಕೆಲವೆಡೆ ಕಂದು ಪದರದ ಕೆಳಗೆ ಇನ್ನೊಂದು ಕಪ್ಪು ಪಟ್ಟಿ ಇರುತ್ತದೆ. ಅದು ಹಿಂದೊಮ್ಮೆ ಮೇಲ್ಮಣ್ಣಾಗಿದ್ದು, ಕುಸಿದು ಬಂದ ರಾಶಿಯಡಿ ಹೂತುಹೋದದ್ದು. ಕಲ್ಲುಗಳು ನುಣ್ಣಗೆ ದುಂಡಗಿದ್ದರೆ ಮಾತ್ರ ಅವನ್ನು ನದಿ ಉರುಳಿಸಿ ತಂದಿದೆ ಎನ್ನಬಹುದು.

ತಪ್ಪು ಕಲ್ಪನೆ 2: ಕಲ್ಲು ಹೆಚ್ಚಿದ್ದರೆ ಮಣ್ಣು ಬರಡು

ಸತ್ಯ: 40 ಮೀಟರ್ ದಾಟಿ ಬೆಳೆಯುವ ದೇವದಾರು ಮರಗಳು ನಿಂತಿರುವುದು ಇಂಥ ಗರಸಿನಲ್ಲೇ. ಬೇರಿಗೆ ಆಹಾರ ಸಿಗುವುದು ಕಲ್ಲುಗಳ ಸಂದಿನ ನಯಮಣ್ಣಿನಿಂದ. ಈ ಮಣ್ಣು ವಯಸ್ಸಿನಲ್ಲಿ ಎಳೆಯದು; ಅಭ್ರಕ, ಫೆಲ್ಡ್‌ಸ್ಪಾರ್‌ಗಳಂಥ ಖನಿಜಗಳು ಇದರಲ್ಲಿ ಇನ್ನೂ ಪೂರ್ತಿ ಕರಗದೆ ಉಳಿದಿದ್ದು, ನಿಧಾನವಾಗಿ ಪೊಟ್ಯಾಷ್ ಮತ್ತು ಕ್ಯಾಲ್ಸಿಯಂ ಬಿಟ್ಟುಕೊಡುತ್ತವೆ. ಕರಾವಳಿಯ ಮುರಕಲ್ಲು ನೆಲದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಸಿಲು ಮತ್ತು ಭಾರಿ ಮಳೆ ದೀರ್ಘಕಾಲ ಕೆಲಸ ಮಾಡಿ, ಕರಗುವುದೆಲ್ಲ ಕೊಚ್ಚಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಪ್ರಧಾನವಾಗಿ ಉಳಿದಿವೆ.

ಆದರೆ ಗುಣ ಚೆನ್ನಾಗಿದ್ದರೂ ಪ್ರಮಾಣ ಕಡಿಮೆ. ಅರ್ಧದಷ್ಟು ಜಾಗ ಕಲ್ಲಿಗೇ ಹೋದರೆ ಬೇರು ಅಷ್ಟೇ ಆಹಾರಕ್ಕಾಗಿ ಎರಡರಷ್ಟು ನೆಲವನ್ನು ತಡಕಬೇಕು.

ತಪ್ಪು ಕಲ್ಪನೆ 3: ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ನಿರ್ಜೀವವಾಗುತ್ತದೆ

ಸತ್ಯ: ವರ್ಷವಿಡೀ ಕರಗದ ಹೆಪ್ಪುನೆಲ ಇರುವುದು ಕಾಡಿನ ಮೇರೆಗಿಂತ ಬಹಳ ಮೇಲೆ. ಕಾಡಿನೊಳಗೆ ದಪ್ಪ ಹಿಮ ನೆಲಕ್ಕೆ ಕಂಬಳಿ ಹೊದಿಸಿದಂತೆ ಕೆಲಸ ಮಾಡುತ್ತದೆ. ಹೊರಗಿನ ಗಾಳಿ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿಳಿದರೂ ಹಿಮದಡಿಯ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಆ ತಂಪಿನಲ್ಲೂ ಶಿಲೀಂಧ್ರಗಳು ಮತ್ತು ಬ್ಯಾಕ್ಟೀರಿಯಾಗಳು ಉಸಿರಾಡುತ್ತ, ದರಗನ್ನು ಸ್ವಲ್ಪಸ್ವಲ್ಪವಾಗಿ ಕೊಳೆಸುತ್ತಿರುತ್ತವೆ. ಹಿಮ ಬಿದ್ದ ವರ್ಷಕ್ಕಿಂತ ಹಿಮ ಬೀಳದೆ ಬರಿ ಚಳಿ ಹೊಡೆದ ವರ್ಷದಲ್ಲೇ ಮಣ್ಣು ಹೆಚ್ಚು ಆಳಕ್ಕೆ ಹೆಪ್ಪುಗಟ್ಟಿ, ಎಳೆ ಬೇರುಗಳಿಗೆ ಏಟು ಬೀಳುತ್ತದೆ.

ತಪ್ಪು ಕಲ್ಪನೆ 4: ಮಣ್ಣು ಕಪ್ಪಗಿದ್ದಷ್ಟೂ ಫಲವತ್ತು

ಸತ್ಯ: ಮೇಲಿನ ಪದರ ಕಪ್ಪಾಗಲು ಅಲ್ಲಿ ಸೇರಿರುವ ಸಾವಯವ ಅಂಶ ಕಾರಣ; ಅದು ಸೇರಲು ಚಳಿ ಕಾರಣ. ಬಿಸಿ ನಾಡಿನಲ್ಲಿ ಒಂದೆರಡು ಮಳೆಗಾಲದಲ್ಲಿ ಕೊಳೆತು ಹೋಗುವ ಎಲೆ ಇಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದರೊಳಗಿನ ಸಾರಜನಕವೂ ಅಲ್ಲೇ ಸಿಕ್ಕಿಕೊಂಡಿರುವುದರಿಂದ, ದಾಸ್ತಾನು ದೊಡ್ಡದಾದರೂ ಗಿಡಕ್ಕೆ ದಕ್ಕುವ ಪಾಲು ಸಣ್ಣದು. ಈ ಕೊರತೆ ತುಂಬಲು ಓಕ್, ಪೈನ್, ಫರ್‌ಗಳ ಬೇರುಗಳು ಶಿಲೀಂಧ್ರಗಳ ಜೊತೆ ಕೊಡುಕೊಳ್ಳುವ ಸಂಬಂಧ ಬೆಳೆಸಿಕೊಂಡಿವೆ: ಮರ ಸಕ್ಕರೆ ಕೊಡುತ್ತದೆ, ಶಿಲೀಂಧ್ರದ ಎಳೆಗಳು ಸಾರಜನಕ ಮತ್ತು ರಂಜಕ ತಂದುಕೊಡುತ್ತವೆ. ಸೂಜಿಯೆಲೆಯ ದರಗು ಹುಳಿ ಗುಣದ್ದು. ತೇವ ಹೆಚ್ಚಿರುವ ಕೆಲವು ಕಡೆ ಈ ಹುಳಿನೀರು ಕಬ್ಬಿಣವನ್ನು ಕೆಳಕ್ಕೆ ಇಳಿಸಿ, ಕಪ್ಪು ಪದರದಡಿ ಬೂದಿಬಣ್ಣದ ಪಟ್ಟಿ ಉಳಿಸುತ್ತದೆ. ಇದು ಪಾಡ್‌ಜಾಲ್ ಮಣ್ಣಿನ ಗುರುತು.

ಪ್ರಯೋಗಾಲಯದ ಅಂಕಿಯೂ ದಾರಿ ತಪ್ಪಿಸಬಲ್ಲದು. ಪರೀಕ್ಷೆಗೆ ಮೊದಲು ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಹಿಡಿದು ಕಲ್ಲನ್ನು ಬದಿಗಿಡುತ್ತಾರೆ. ಬರುವ ಫಲಿತಾಂಶ ನಯಮಣ್ಣಿನದು ಮಾತ್ರ. ಉದಾಹರಣೆಗೆ, ನಯಮಣ್ಣಿನಲ್ಲಿ ಇಂಗಾಲ ಶೇ. 3ರಷ್ಟಿದ್ದು, ಅದರ ಸಾಂದ್ರತೆ ಘನ ಮೀಟರಿಗೆ 1 ಟನ್ ಎಂದುಕೊಂಡರೆ, ಒಂದು ಹೆಕ್ಟೇರಿನ 30 ಸೆಂ.ಮೀ. ಆಳದಲ್ಲಿ 90 ಟನ್ ಇಂಗಾಲವಿದೆ ಎಂಬ ಲೆಕ್ಕ ಬರುತ್ತದೆ. ಅರ್ಧ ಜಾಗ ಕಲ್ಲಿನದಾಗಿದ್ದರೆ ನಿಜವಾದ ಅಂಕಿ 45 ಟನ್.

ತಪ್ಪು ಕಲ್ಪನೆ 5: ಗರಸಿನಲ್ಲಿ ನೀರು ನಿಲ್ಲದು, ಆದ್ದರಿಂದ ಅದರಿಂದ ಉಪಯೋಗವಿಲ್ಲ

ಸತ್ಯ: ಮೊದಲ ಅರ್ಧ ನಿಜ. ಒಂದು ಮೀಟರ್ ಆಳದ ಒಳ್ಳೆಯ ನಯಮಣ್ಣು ಗಿಡಕ್ಕೆ ಒದಗುವ ನೀರನ್ನು 150 ಮಿ.ಮೀ.ನಷ್ಟು ಹಿಡಿದಿಟ್ಟರೆ, ಅರ್ಧ ಕಲ್ಲಿರುವಲ್ಲಿ ಅದು 75ಕ್ಕೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚಿನ ಮೇ, ಜೂನ್ ತಿಂಗಳಲ್ಲಿ ಇಲ್ಲಿನ ಸಸಿಗಳು ಬಾಡುವುದು ಇದರಿಂದಲೇ.

ಎರಡನೆಯ ಅರ್ಧ ಮಾತ್ರ ಸುಳ್ಳು. ದರಗು ಹೊದ್ದ ಗರಸು ನೆಲ ಜೋರು ಮಳೆಯನ್ನೂ ಸಲೀಸಾಗಿ ಒಳಗೆಳೆದುಕೊಳ್ಳುತ್ತದೆ. ನೆಲದ ಮೇಲೆ ಹರಿಯುವುದು ಕಡಿಮೆ. ಒಳಗಿಳಿದ ನೀರು ಗಟ್ಟಿ ಪದರ ಸಿಕ್ಕಲ್ಲಿ ಅಡ್ಡಕ್ಕೆ ಜಿನುಗುತ್ತದೆ, ಬಂಡೆಯ ಬಿರುಕು ಸಿಕ್ಕಲ್ಲಿ ಇನ್ನೂ ಕೆಳಗಿಳಿಯುತ್ತದೆ, ಕೊನೆಗೆ ಒರತೆಯಾಗಿ ಹೊರಬರುತ್ತದೆ. ಕುಮಾವೂಂ, ಗಢವಾಲಗಳ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕುಡಿಯುವ ನೀರು ಕೊಟ್ಟಿರುವ ‘ನೌಲಾ’ ಮತ್ತು ‘ಧಾರಾ’ಗಳು ಇಂಥ ಒರತೆಗಳೇ. ಮೇಲಿನ ದರಗು ಸುಟ್ಟು ಅಥವಾ ದನಗಳ ತುಳಿತಕ್ಕೆ ನೆಲ ಬಿಗಿದುಕೊಂಡರೆ, ಅದೇ ಇಳಿಜಾರಿನಲ್ಲಿ ನೀರು ಮೇಲೆಯೇ ಹರಿದುಹೋಗುತ್ತದೆ.

ತಪ್ಪು ಕಲ್ಪನೆ 6: ಕಲ್ಲು ಆರಿಸಿದಷ್ಟೂ ಮಣ್ಣು ಸುಧಾರಿಸುತ್ತದೆ

ಸತ್ಯ: ಮೆಟ್ಟಿಲು ಹೊಲಗಳಲ್ಲಿ ಕಲ್ಲು ಆರಿಸಿ ಬದುವಿನ ಗೋಡೆ ಕಟ್ಟುವುದು ಸರಿಯಾದ ಪದ್ಧತಿ. ಕಾಡಿನ ಇಳಿಜಾರಿನಲ್ಲಿ ಮೇಲ್ಮೈ ಕಲ್ಲು ಬೇರೆ ಕೆಲಸ ಮಾಡುತ್ತದೆ. ಮಳೆಹನಿಯ ಏಟನ್ನು ಅದು ತಾನು ತಿನ್ನುತ್ತದೆ, ಹರಿವ ನೀರಿನ ರಭಸ ಮುರಿಯುತ್ತದೆ, ಅಡಿಯ ತೇವ ಆರದಂತೆ ಕಾಯುತ್ತದೆ.

ಆರಿಸಿದರೂ ಮರುವರ್ಷ ಹೊಸ ಕಲ್ಲು ಕಾಣಿಸಿಕೊಳ್ಳುವುದರಿಂದ ಕಲ್ಲು ಬೆಳೆಯುತ್ತದೆ ಎಂಬ ನಂಬಿಕೆಯೂ ಇದೆ. ಸಾಮಾನ್ಯ ಒದ್ದೆ ಮಣ್ಣಿಗಿಂತ ಕಲ್ಲು ಶಾಖವನ್ನು ಬೇಗ ಸಾಗಿಸುತ್ತದೆ. ಹಾಗಾಗಿ ಅದರ ಅಡಿಯಲ್ಲಿ ಮಂಜುಗಡ್ಡೆ ಬೇಗ ಕಟ್ಟಿ ಕಲ್ಲನ್ನು ಮೇಲಕ್ಕೆತ್ತುತ್ತದೆ. ಗಡ್ಡೆ ಕರಗುವಾಗ ಆ ಪೊಳ್ಳಿಗೆ ನಯಮಣ್ಣು ಜಾರಿ ತುಂಬಿಕೊಳ್ಳುವುದರಿಂದ ಕಲ್ಲು ಮೊದಲಿನ ಜಾಗಕ್ಕೆ ಇಳಿಯದು. ಚಳಿಗಾಲ ಕಳೆದಂತೆಲ್ಲ ಅದು ಇಷ್ಟಿಷ್ಟೇ ಮೇಲೆ ಬರುತ್ತದೆ.

ತಪ್ಪು ಕಲ್ಪನೆ 7: ಒಂದೇ ಎತ್ತರದಲ್ಲಿ ಒಂದೇ ಬಗೆಯ ಮಣ್ಣು

ಸತ್ಯ: ಎತ್ತರ, ಬಂಡೆ, ಮಳೆ ಎಲ್ಲ ಒಂದೇ ಆಗಿದ್ದರೂ ಬೆಟ್ಟದ ಎರಡು ಮಗ್ಗುಲುಗಳ ಮಣ್ಣು ಬೇರೆಯಾಗಿರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಮಗ್ಗುಲಿಗೆ ಬಿಸಿಲು ಹೆಚ್ಚು. ಹಿಮ ಬೇಗ ಕರಗುತ್ತದೆ, ನೆಲ ಬೇಗ ಒಣಗುತ್ತದೆ, ಬೆಂಕಿಯ ಭಯವೂ ಹೆಚ್ಚು. ಮಣ್ಣು ತೆಳು, ಬಣ್ಣ ತಿಳಿ. ಉತ್ತರದ ಮಗ್ಗುಲಲ್ಲಿ ಹಿಮ ತಡವಾಗಿ ಕರಗಿ, ತೇವ ನಿಂತು, ಕಪ್ಪು ಪದರ ದಪ್ಪವಾಗುತ್ತದೆ. ದಟ್ಟ ಕಾಡು ಉತ್ತರಕ್ಕೂ ಹುಲ್ಲುಬಯಲು ದಕ್ಷಿಣಕ್ಕೂ ಇರುವ ಬೆಟ್ಟಗಳು ಹಿಮಾಲಯದಲ್ಲಿ ಸಾಮಾನ್ಯ. ಮೇಲಿಂದ ಕೆಳಕ್ಕೂ ವ್ಯತ್ಯಾಸವಿದೆ: ನೆತ್ತಿಯಲ್ಲಿ ಮಣ್ಣು ಗೇಣುದ್ದವೂ ಇರದು, ಬುಡದಲ್ಲಿ ಜಾರಿ ಬಂದದ್ದೆಲ್ಲ ಶೇಖರವಾಗಿ ಮೀಟರುಗಟ್ಟಲೆ ಆಳವಾಗಿರಬಹುದು.

ತಪ್ಪು ಕಲ್ಪನೆ 8: ಮರಗಳಿದ್ದರೆ ಗುಡ್ಡ ಕುಸಿಯುವುದೇ ಇಲ್ಲ

ಸತ್ಯ: ಬೇರುಗಳು ಮಣ್ಣನ್ನು ಬಿಗಿದು ಹಿಡಿಯುವುದು ಹೆಚ್ಚಾಗಿ ಮೇಲಿನ ಒಂದು ಮೀಟರಿನ ಸುತ್ತಮುತ್ತ. ಅಷ್ಟು ಆಳದ ಕುಸಿತವನ್ನು ಕಾಡು ನಿಜಕ್ಕೂ ತಡೆಯುತ್ತದೆ. ಅಲಕನಂದಾ ನದಿಯ 1970ರ ಪ್ರವಾಹದ ನಂತರ ಗಢವಾಲದ ಜನ ಮರಗಡಿತಕ್ಕೂ ಕುಸಿತಕ್ಕೂ ನಂಟು ಗುರುತಿಸಿದ್ದರು. 1974ರ ಮಾರ್ಚ್‌ನಲ್ಲಿ ರೇಣಿ ಗ್ರಾಮದ ಗೌರಾದೇವಿ ಮತ್ತು ಸಂಗಡಿಗರು ಕೊಡಲಿಗೆ ಅಡ್ಡ ನಿಂತ ಚಿಪ್ಕೋ ಚಳವಳಿಯ ಹಿಂದೆ ಈ ಅನುಭವವಿತ್ತು. ಮರ ಕಡಿದ ಕೂಡಲೇ ಗುಡ್ಡ ಜಾರದು. ಬುಡದಲ್ಲಿ ಉಳಿದ ಬೇರು ಕೊಳೆತು, ಹೊಸ ಬೇರು ಇನ್ನೂ ಬಲಿಯದ ಕೆಲವು ವರ್ಷಗಳ ಅವಧಿಯೇ ಅಪಾಯದ್ದು.

ಬಂಡೆಯ ಪದರಗಳೇ ಜಾರುವ ಆಳದ ಕುಸಿತಕ್ಕೆ ಬೇರು ಎಟುಕುವುದಿಲ್ಲ. ಸಡಿಲ ಕಲ್ಲಿನ ರಾಶಿ ತಾನಾಗಿ ನಿಲ್ಲುವ ಇಳಿಜಾರು ಸಾಮಾನ್ಯವಾಗಿ 35 ಡಿಗ್ರಿ ಆಸುಪಾಸಿನದು. ರಸ್ತೆ ಅಗಲಿಸಲು ಬುಡವನ್ನು ಅದಕ್ಕಿಂತ ಕಡಿದಾಗಿ ಕತ್ತರಿಸಿದರೆ, ಮಳೆನೀರು ಒಳಗೆ ತುಂಬಿ ಕಲ್ಲುಗಳ ನಡುವಿನ ಹಿಡಿತ ಸಡಿಲವಾದಾಗ, ಮೇಲಿನ ಕಾಡೂ ಸೇರಿ ಕೆಳಗಿಳಿಯುತ್ತದೆ. ಹಾಗಾಗಿ ಇಂಥ ಇಳಿಜಾರಿನ ಭದ್ರತೆಯನ್ನು ಅಂದಾಜಿಸುವಾಗ ಮರಗಳ ಜೊತೆಗೆ ಗರಸಿನ ಆಳ, ಅಡಿಯ ಬಂಡೆಯ ವಾಲು, ನೀರು ಹೊರಹೋಗುವ ದಾರಿ ಮತ್ತು ಬುಡ ಕಡಿದ ಕೋನ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.